ಗಂಗಮ್ಮನನ್ನು ಕೇಳದ ಮಾತು

ದಿವ್ಯಾ ಮಾತಾಡುವ ಹುಡುಗಿಯಲ್ಲ ಎಂಬುದು ಹೊಸದುರ್ಗದ ಅವರ ಬೀದಿಗೆಲ್ಲ ಗೊತ್ತಿತ್ತು. ಅಪ್ಪ ಪಂಚಾಕ್ಷರಪ್ಪನ ಹಿಟ್ಟಿನ ಗಿರಣಿಗೆ ಬಂದವರು "ಏನವ್ವ, ಚೆನ್ನಾಗಿದೀಯಾ" ಎಂದರೆ ತಲೆಯಾಡಿಸುತ್ತಿದ್ದಳು. ಇನ್ನೊಂದು ಮಾತು ಕೇಳಿದರೆ ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಮನೆಯಲ್ಲಿ ಯಾರೂ ಇದನ್ನು ಕೊರತೆ ಎಂದುಕೊಂಡಿರಲಿಲ್ಲ. "ನಮ್ಮ ದಿವ್ಯಾ ಬಾಯಿಲ್ಲದ ಮಗು" ಎಂದು ಅಜ್ಜಿ ಶಿವಗಂಗಮ್ಮ ಬಂದವರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಅದು ಹೊಗಳಿಕೆ ಎಂದೇ ಎಲ್ಲರೂ ತಿಳಿದಿದ್ದರು, ದಿವ್ಯಾಳೊಬ್ಬಳನ್ನು ಬಿಟ್ಟು.

ಪಿಯುಸಿ ಫಲಿತಾಂಶ ಬಂದ ಮೇಲೆ ಡಿಗ್ರಿಗೆ ಅರ್ಜಿ ಹಾಕಲು ಅವಳು ಅಮ್ಮ ಮಂಗಳಾಳ ಜೊತೆ ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿಗೆ ಹೋದಳು. ಓಟಿಪಿ ಬರುವುದು ಅಮ್ಮನ ಮೊಬೈಲಿಗೆ, ಅದಕ್ಕೇ ಅಮ್ಮ ಬೇಕಾಗಿತ್ತು. ಅಂಗಡಿಯ ಪ್ರದೀಪನಿಗೆ ತನ್ನದೇ ಒಂದು ಪದ್ಧತಿಯಿತ್ತು. ಮಕ್ಕಳ ಮುಖ ನೋಡುತ್ತಿದ್ದ, ಜೊತೆಗೆ ಬಂದವರ ಮುಖ ನೋಡುತ್ತಿದ್ದ, ಕೋರ್ಸು ಯಾವುದೆಂದು ತಾನೇ ತೀರ್ಮಾನ ಮಾಡಿ ಒತ್ತುತ್ತಿದ್ದ. ಬಹಳ ಮಂದಿಗೆ ಅದು ಅನುಕೂಲವೇ ಆಗಿತ್ತು.

"ಬಿ.ಕಾಂ., ಇಲ್ಲೇ ಹೊಸದುರ್ಗ. ಸರಿ ಅಲ್ವೇನಕ್ಕ?" ಎಂದು ಅವನು ಮಂಗಳಾಳನ್ನು ಕೇಳಿದ.

ಮಂಗಳಾ ಹೂಂ ಎನ್ನಲು ಬಾಯಿ ತೆರೆದಿದ್ದಳು.

"ಅಲ್ಲ," ಎಂದಳು ದಿವ್ಯಾ. "ಬಿ.ಎಸ್ಸಿ., ಚಿತ್ರದುರ್ಗ. ಜಿಯಾಲಜಿ ಇರೋದು ಹಾಕ್ರಿ."

ಪ್ರದೀಪ ಕುರ್ಚಿಯನ್ನು ಅವಳತ್ತ ತಿರುಗಿಸಿ ಕುಳಿತ. "ಅದನ್ನ ಯಾರು ತಗಂತಾರಮ್ಮ? ಈ ಸಲ ಇಷ್ಟು ಅರ್ಜಿ ಹಾಕಿದೀನಿ, ಒಬ್ರೂ ಅದನ್ನ ಒತ್ಸಿಲ್ಲ."

"ನಾನು ಒತ್ತಿಸ್ತಿದೀನಿ."

ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಕಿಸಕ್ಕೆಂದರು. ದಿವ್ಯಾ ಕಣ್ಣನ್ನು ಕಂಪ್ಯೂಟರಿನಿಂದ ತೆಗೆಯಲಿಲ್ಲ. ಮಂಗಳಾಳ ಮೊಬೈಲು ಟಿಂಗ್ ಎಂದಿತು. ಅವಳು ಒಮ್ಮೆ ಮೊಬೈಲನ್ನೂ ಒಮ್ಮೆ ಮಗಳನ್ನೂ ನೋಡಿದಳು.

"ಮನೇಲಿ ಗೊತ್ತಾ ಇದು?" ಎಂದು ಮೆಲ್ಲಗೆ ಕೇಳಿದಳು.

"ಈಗ ನಿನಗೆ ಗೊತ್ತಾಯ್ತಲ್ಲ."

ಮಂಗಳಾ ಕನ್ನಡಕ ಮೂಗಿಗೇರಿಸಿಕೊಂಡು ಅಂಕಿಗಳನ್ನು ಒಂದೊಂದಾಗಿ ಓದಿದಳು. ಬೇಕೆಂದೇ ತಡಮಾಡುತ್ತಿದ್ದಾಳೆಯೇ ಎಂದು ದಿವ್ಯಾಳಿಗೆ ಅನುಮಾನವಾಯಿತು. ಆದರೆ ಒಂದಂಕಿಯೂ ತಪ್ಪಿರಲಿಲ್ಲ.

ಈ ಹುಚ್ಚು ಅವಳಿಗೆ ಹಿಡಿದದ್ದು ತೋಟದಲ್ಲಿ ಬೋರ್ ಕೊರೆಸಿದ ವರ್ಷ. ಲಾರಿ ಗರಗರ ಎನ್ನುತ್ತಾ ಇಡೀ ದಿನ ತೆಂಗಿನ ಮರಗಳನ್ನೆಲ್ಲ ನಡುಗಿಸಿತ್ತು. ಗಂಡಸರೆಲ್ಲ ನೀರು ಯಾವಾಗ ಬಂದೀತೆಂದು ಕಾಯುತ್ತಿದ್ದರೆ ದಿವ್ಯಾ ಮಾತ್ರ ಮೇಲೆ ಬರುತ್ತಿದ್ದ ಪುಡಿಯನ್ನು ನೋಡುತ್ತಿದ್ದಳು. ಮೊದಲು ಕೆಂಪು, ಆಮೇಲೆ ಬೂದಿ, ಆಮೇಲೆ ಹಸಿರು ಬೆರೆತ ಕಪ್ಪು, ಅದರೊಳಗೆ ಇದ್ದಕ್ಕಿದ್ದಂತೆ ಸಕ್ಕರೆಯಂಥ ಬಿಳಿ. ತಾವು ದಿನಾ ಓಡಾಡುವ ನೆಲದ ಕೆಳಗೆ ಇಷ್ಟೊಂದು ಬಣ್ಣ ಯಾರಿಗೂ ಹೇಳದೆ ಕುಳಿತಿತ್ತಲ್ಲ ಎನ್ನಿಸಿತು. ಲಾರಿಯವನನ್ನು ಧೈರ್ಯ ಮಾಡಿ ಕೇಳಿದ್ದಳು, ಇದು ಯಾವ ಕಲ್ಲು, ಯಾಕೆ ಬದಲಾಗುತ್ತದೆ ಎಂದು. "ಕಲ್ಲು ಕಲ್ಲೇ ಕಣವ್ವ" ಎಂದಿದ್ದ ಅವನು. ಆ ಉತ್ತರ ಅವಳಿಗೆ ಸಾಲಲಿಲ್ಲ.

ಅರ್ಜಿಯ ಸುದ್ದಿ ಸಂಜೆ ಕಾಫಿಯ ಹೊತ್ತಿಗೆ ಮನೆಯವರಿಗೆಲ್ಲ ಗೊತ್ತಾಯಿತು. ಅಮ್ಮ ಹೇಳಲಿಲ್ಲ, ಪ್ರದೀಪನೂ ಹೇಳಲಿಲ್ಲ. ದಿವ್ಯಾಳೇ ಹೇಳಿದಳು.

ಶಿವಗಂಗಮ್ಮ ಲೋಟ ಕೆಳಗಿಟ್ಟಳು. "ಎಲ್ಲಿಗೆ?"

"ಚಿತ್ರದುರ್ಗಕ್ಕೆ, ಅಜ್ಜಿ."

"ಏನು ಓದಕೆ?"

"ಕಲ್ಲು, ಮಣ್ಣು, ನೆಲದ ಒಳಗಿಂದು."

"ಕಲ್ಲು ಓದಕೆ ದುರ್ಗಕ್ಕೆ ಹೋಗ್ಬೇಕಾ? ನಮ್ಮ ಹಿತ್ಲಲ್ಲಿ ಎಷ್ಟು ಬೇಕಾದ್ರೂ ಅವೆ. ಕುಂತ್ಕಂಡು ಓದು, ಕಾಫಿನೂ ಅಲ್ಲಿಗೇ ತಂದ್ಕೊಡ್ತೀನಿ."

ಅಣ್ಣ ಗುರುರಾಜ್ ನಕ್ಕ. ಅಪ್ಪ ನಗಲಿಲ್ಲ. ಅವನ ಲೆಕ್ಕವೇ ಬೇರೆ. ಮಗಳು ಇಲ್ಲೇ ಬಿ.ಕಾಂ. ಸೇರಿದರೆ ಮಧ್ಯಾಹ್ನ ಮನೆಗೆ ಬಂದು ಗಿರಣಿಯ ವ್ಯವಹಾರವನ್ನೂ ನೋಡಿಕೊಂಡಾಳು ಎಂದು ಒಳಗೊಳಗೇ ಎಣಿಸಿಕೊಂಡಿದ್ದ. "ಅಷ್ಟು ದೂರ ದಿನಾ ಬಸ್ಸಲ್ಲಿ ಓಡಾಡಕಾಗಲ್ಲ ಕಣಮ್ಮ. ಹಾಸ್ಟೆಲ್ಲು ಅಂದ್ರೆ ನೀನು ಯಾರ ಹತ್ರನೂ ಮಾತಾಡಲ್ಲ. ಊಟ ಬೇಕು ಅಂತನೂ ಕೇಳಲ್ಲ ನೀನು," ಎಂದ.

"ಕೇಳ್ತೀನಿ."

"ನಮ್ಮ ಮನೇಲೇ ಕೇಳಲ್ಲ," ಎಂದಳು ಅಜ್ಜಿ.

"ನಮ್ಮ ಮನೇಲಿ ಕೇಳಕಿಂತ ಮುಂಚೆನೇ ನೀವೇ ಹೇಳ್ಬಿಡ್ತೀರಲ್ಲ ಅಜ್ಜಿ."

ಬಾಯಿಲ್ಲದ ಮಗು ಬಾಯಿ ತೆಗೆದಿತ್ತು. ಇಂಥ ಹೊತ್ತಿನಲ್ಲಿ ಆ ಮನೆಯವರು ಏನು ಮಾಡುತ್ತಾ ಬಂದಿದ್ದರೋ ಅದನ್ನೇ ಪಂಚಾಕ್ಷರಪ್ಪ ಹೇಳಿದ. "ಸೋಮವಾರ ಹಾಲುರಾಮೇಶ್ವರಕ್ಕೆ ಹೋಗಾಣ. ಗಂಗಮ್ಮನ್ನ ಕೇಳಾಣ."

ಹಾಲುರಾಮೇಶ್ವರದ ಕೊಳದ ದಂಡೆಯಲ್ಲಿ ಕುಳಿತು ಗಂಗಮ್ಮನನ್ನು ಮನಸ್ಸಿನಲ್ಲೇ ಕೇಳಿಕೊಂಡರೆ, ಆಗುವ ಕೆಲಸವಾದರೆ ನೀರಿನೊಳಗಿಂದ ಹಣ್ಣೋ ಹೂವೋ ಎಲೆ ಅಡಿಕೆಯೋ ಮೇಲೆ ತೇಲಿ ಬರುತ್ತದೆ ಎಂಬುದು ಅವರ ನಂಬಿಕೆ. ಏನೂ ಬರದಿದ್ದರೆ ಆಗುವುದಿಲ್ಲ ಎಂದರ್ಥ. ಗಿರಣಿ ಹಾಕುವ ಮುಂಚೆ ಅಪ್ಪ ಕೇಳಿದ್ದ, ಬಾಳೆಹಣ್ಣು ಬಂದಿತ್ತು. ಗುರುರಾಜ್ ಬೈಕಿಗಾಗಿ ಕೇಳಿದಾಗ ಏನೂ ಬಂದಿರಲಿಲ್ಲ. ಹುಡುಗ ತಲೆಗೆ ನೀರು ಹಾಕಿಕೊಂಡಿಲ್ಲ, ಅದಕ್ಕೇ ಹೀಗಾಯ್ತು ಎಂದು ಅಜ್ಜಿ ತೀರ್ಪು ಕೊಟ್ಟು, ಮುಂದಿನ ಸೋಮವಾರ ಮತ್ತೆ ಕೂರಿಸಿದ್ದಳು. ಆಗ ಒಂದು ವೀಳ್ಯದೆಲೆ ಬಂತು. ಬೈಕೂ ಬಂತು. ಮನೆಯಲ್ಲಿ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದ ನೇಮ ಒಂದೇ. ಯಾರ ವಿಷಯವೋ ಅವರೇ ಕೇಳಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಕೇಳುವ ಹಾಗಿಲ್ಲ, ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ.

ಕಾಲೇಜಿನಲ್ಲಿ ಮೂಲ ದಾಖಲೆ ತೋರಿಸಲು ಮಂಗಳವಾರ ಕೊನೆಯ ದಿನ. ಆ ದಿನ ತಪ್ಪಿದರೆ ಅರ್ಜಿ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಟಿ.ಸಿ., ಮಾರ್ಕ್ಸ್ ಕಾರ್ಡು ಎಲ್ಲ ಅಪ್ಪನ ಬೀರುವಿನಲ್ಲಿದ್ದವು. ದೇವರ ಮುಂದಿಟ್ಟು ಪೂಜೆ ಮಾಡಿಸಲು ಅವನು ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಂಗಳಾಳ ಕೈಗೆ ಕೊಟ್ಟ. ಬಿ.ಕಾಂ. ಆಗಲಿ ಬಿ.ಎಸ್ಸಿ. ಆಗಲಿ, ಕಾಗದಕ್ಕೆ ಕುಂಕುಮ ಬೀಳುವುದು ಒಳ್ಳೆಯದು ಎಂಬುದು ಅವನ ಎಣಿಕೆ.

ಸೋಮವಾರ ಬೆಳಿಗ್ಗೆ ಮುದ್ದಣ್ಣನ ಆಟೋದಲ್ಲಿ ನಾಲ್ವರು ಹೊರಟರು. ಗುರುರಾಜ್ ಬೈಕಿನಲ್ಲಿ ಹಿಂದೆ ಬಂದ. ದಿವ್ಯಾಳಿಗೆ ತಲೆಗೆ ನೀರು ಹಾಕಿಸಿದ್ದು ಅಜ್ಜಿಯೇ. ಆಮೇಲೆ ನೆಪ ಹೇಳುವ ಹಾಗಿರಬಾರದು ಎಂದು ಚೊಂಬು ಚೊಂಬು ಸುರಿದಿದ್ದಳು.

ಕೊಳದ ಸುತ್ತ ಜನ ಆಗಲೇ ಕುಳಿತಿದ್ದರು. ಭರಮಸಾಗರದ ಕಡೆಯ ಗಂಡ ಹೆಂಡತಿ ಕೈ ಮುಗಿದು ಕಣ್ಣು ಮುಚ್ಚಿದ್ದರು. ಅವರ ಮುಂದೆ ನೀರು ಒಮ್ಮೆ ಬುಳಕ್ ಎಂದು, ಹಸಿರು ಸಿಪ್ಪೆಯ ಬಾಳೆಹಣ್ಣೊಂದು ಮೇಲೆ ಬಂತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಹಣ್ಣನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದ.

"ನೋಡಿದ್ಯಾ," ಎಂದಳು ಅಜ್ಜಿ. "ಹಂಗೆ ಭಕ್ತಿಯಿಂದ ಕೇಳ್ಬೇಕು. ಕುಂತ್ಕ."

ದಿವ್ಯಾ ಕುಳಿತಳು. ಅವಳ ಕಷ್ಟ ಏನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಂಬಿಕೆ ಇಲ್ಲದಿದ್ದರೆ ಎಲ್ಲ ಸುಲಭವಿತ್ತು. ಸುಮ್ಮನೆ ಕಣ್ಣು ಮುಚ್ಚಿ, ಬಂದದ್ದನ್ನು ನೋಡಿ, ತನ್ನ ಪಾಡಿಗೆ ತಾನಿರಬಹುದಿತ್ತು. ಆದರೆ ಅವಳಿಗೆ ನಂಬಿಕೆಯಿತ್ತು. ಚಿಕ್ಕಂದಿನಿಂದ ಈ ನೀರಿಗೆ ಕೈ ಮುಗಿಯುತ್ತಾ ಬಂದವಳು. ಗಂಗಮ್ಮ ಬೇಡ ಎಂದರೆ ಅದನ್ನು ಮೀರಿ ದುರ್ಗದ ಬಸ್ಸು ಹತ್ತಲು ತನ್ನಿಂದ ಆಗುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಕಾಲು ಎತ್ತಿಡಲೂ ಆಗುತ್ತಿರಲಿಲ್ಲ.

ಹಾಗಾದರೆ ಯಾಕೆ ಕೇಳಬೇಕು?

ಈ ಯೋಚನೆ ಬಂದ ಕೂಡಲೇ ಅವಳಿಗೆ ಹೆದರಿಕೆಯಾಯಿತು, ಹಿಂದೆಯೇ ವಿಚಿತ್ರವಾದ ನೆಮ್ಮದಿಯೂ ಆಯಿತು. ಅವಳಿಗೆ ಅನುಮಾನವೇ ಇಲ್ಲದ ವಿಷಯ ಇದೊಂದೇ ಆಗಿತ್ತು. ಅನುಮಾನವಿದ್ದವರು ಕೇಳಲಿ. ಅವಳು ಕೈ ಮುಗಿದಳು, ಕಣ್ಣು ಮುಚ್ಚಿದಳು, ಮನಸ್ಸಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಅದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಪ್ರಶ್ನೆ ನಾಲಿಗೆಯ ಬುಡಕ್ಕೆ ಬಂದು ತಳ್ಳುತ್ತಿತ್ತು. ಅವಳು ಅಮ್ಮನ ಬಳೆಯ ಸದ್ದು ಕೇಳಿಸಿಕೊಂಡಳು, ದೂರದಲ್ಲಿ ಯಾರೋ ತೆಂಗಿನಕಾಯಿ ಒಡೆದದ್ದು ಕೇಳಿಸಿಕೊಂಡಳು, ಕಾಲು ಜುಮುಜುಮು ಹಿಡಿದದ್ದನ್ನೇ ಗಟ್ಟಿಯಾಗಿ ನೆನೆದಳು. ಪ್ರಶ್ನೆಯನ್ನು ಮಾತ್ರ ಹೊರಗೆ ಬಿಡಲಿಲ್ಲ.

ನೀರು ಅಲುಗಲಿಲ್ಲ. ಬಹಳ ಹೊತ್ತು ಅಲುಗಲಿಲ್ಲ.

"ಆಯ್ತು ಬಿಡು," ಎಂದಳು ಕೊನೆಗೆ ಶಿವಗಂಗಮ್ಮ. ಧ್ವನಿಯಲ್ಲಿ ಗೆದ್ದ ಹಿಗ್ಗಿರಲಿಲ್ಲ, ಹಗುರವಾದ ಉಸಿರಿತ್ತು. "ಆಗಲ್ಲ ಅಂತ ಐತೆ. ಏಳವ್ವ. ಅಳಬ್ಯಾಡ."

ಪಂಚಾಕ್ಷರಪ್ಪ ಮಗಳ ತಲೆ ಸವರಿದ. "ಬೇಜಾರ್ ಮಾಡ್ಕಬ್ಯಾಡ ಕಣಮ್ಮ. ಬಿ.ಕಾಂ.ನೂ ಒಳ್ಳೇದೇ."

ದಿವ್ಯಾ ಎದ್ದು ಲಂಗ ಕೊಡವಿಕೊಂಡಳು. "ನಾನು ಕೇಳ್ಲಿಲ್ಲ ಅಪ್ಪ."

"ಏನು ಕೇಳ್ಲಿಲ್ಲ?"

"ಏನೂ ಕೇಳ್ಲಿಲ್ಲ. ಸುಮ್ನೆ ಕುಂತಿದ್ದೆ."

ಹೂವಿನ ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದ ಕಾಳಕ್ಕ ದಾರಕ್ಕೆ ಹೂ ಪೋಣಿಸುವುದನ್ನು ನಿಲ್ಲಿಸಿದಳು. "ಅಲ್ಲಾ, ಇಷ್ಟೊತ್ತು ಗಂಗಮ್ಮನ್ನೇ ಕಾಯ್ಸಿದ್ಯಾ ತಾಯಿ ನೀನು," ಎಂದಳು.

ಅಜ್ಜಿಗೆ ಅದು ತಾಗಿತು. ಹೊರಗಿನವರ ಮುಂದೆ ಮನೆಯ ಮಾತು ಬಿದ್ದದ್ದು ಅವಳಿಗೆ ಮೊದಲೇ ಆಗದು. "ಮತ್ತೆ ಕುಂತ್ಕ. ಈಗ ಕೇಳು," ಎಂದಳು ಹಲ್ಲು ಕಚ್ಚಿ.

"ಕೇಳಲ್ಲ ಅಜ್ಜಿ."

"ಯಾಕೆ? ದೇವ್ರು ಅಂದ್ರೆ ಅಷ್ಟು ಸಸಾರಾನಾ ನಿನಗೆ?"

"ಸಸಾರ ಆಗಿದ್ರೆ ಕೇಳ್ತಿದ್ದೆ. ಗಂಗಮ್ಮ ಬ್ಯಾಡ ಅಂದ್ರೆ ನಾನು ಬಿಡ್ಬೇಕಾಗ್ತೈತೆ. ಬಿಡಕೆ ನನಗೆ ಮನಸ್ಸಿಲ್ಲ. ಅದಕ್ಕೆ ಕೇಳ್ಲಿಲ್ಲ." ಅವಳು ಗುರುರಾಜನ ಕಡೆ ಕೈ ತೋರಿಸಿದಳು. "ಅಣ್ಣಂಗೆ ಬರ್ದಿದ್ದಾಗ ತಲೆಗೆ ನೀರು ಹಾಕ್ಕಂಡಿಲ್ಲ ಅಂದ್ರಿ. ನನಗೆ ಬರ್ದಿದ್ರೆ ಏಳು, ಆಗಲ್ಲ ಅಂತೀರ. ಅವನಿಗೆ ಗಂಗಮ್ಮ ಎರಡು ಸಲ ಉತ್ತರ ಕೊಡ್ತಾಳೆ. ನನಗೆ ಒಂದೇ ಸಲವಾ?"

"ಲೇ, ನನ್ನ ಬೈಕು ಯಾಕೆ ಎಳೀತೀಯ ನಡುವೆ," ಎಂದ ಗುರುರಾಜ್. ಯಾರೂ ಅವನತ್ತ ನೋಡಲಿಲ್ಲ.

ಶಿವಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸರಿ. ನೀನು ಕೇಳಲ್ಲ ಅಂದ್ರೆ ಕೇಳೋರು ಅವ್ರೆ," ಎಂದು ಗೋಡೆ ಹಿಡಿದು, ಮೊಣಕಾಲು ಮಡಿಸಿ, ನೀರಿನ ಮುಂದೆ ತಾನೇ ಕುಳಿತಳು.

"ಅವ್ವ, ಅದು ನೇಮ ಅಲ್ಲ," ಎಂದ ಪಂಚಾಕ್ಷರಪ್ಪ.

"ನೇಮ ನನಗೆ ಹೇಳಕೊಡ್ತೀಯೇನಪ್ಪ ನೀನು. ಸುಮ್ನಿರು."

ಅಜ್ಜಿ ಕಣ್ಣು ಮುಚ್ಚಿದಳು. ಎಲ್ಲರ ಕಣ್ಣೂ ನೀರಿನ ಮೇಲೆ ಹೋದವು. ದಿವ್ಯಾಳ ಕಣ್ಣೂ ಹೋಗಬೇಕೆಂದು ಎಳೆಯುತ್ತಿತ್ತು. ಇನ್ನೊಂದು ಉಸಿರು ಅಲ್ಲೇ ನಿಂತರೆ ತಾನೂ ಉತ್ತರಕ್ಕೆ ಕಾಯುತ್ತೇನೆ, ಕಾದರೆ ಅದಕ್ಕೆ ಕಟ್ಟುಬೀಳುತ್ತೇನೆ ಎಂದು ಅವಳಿಗೆ ಅನ್ನಿಸಿತು. ಅವಳು ಕೊಳಕ್ಕೆ ಒಮ್ಮೆ ನಮಸ್ಕಾರ ಮಾಡಿ ಅಮ್ಮನ ಕಡೆ ತಿರುಗಿದಳು.

"ಅಮ್ಮ, ಕವರ್ ಕೊಡು."

ಮಂಗಳಾ ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಗಂಡನನ್ನು ನೋಡಿದಳು, ಅತ್ತೆಯ ಬೆನ್ನನ್ನು ನೋಡಿದಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಪರವಾಗಿ ಎಷ್ಟೋ ಪ್ರಶ್ನೆಗಳನ್ನು ಎಷ್ಟೋ ಜನ ಕೇಳಿ ಉತ್ತರವನ್ನೂ ಅವರೇ ತಂದುಕೊಟ್ಟಿದ್ದರು. ಅವಳು ಕವರನ್ನು ಕೊಡಲಿಲ್ಲ.

"ನೀನೊಬ್ಳೇ ಹೋದ್ರೆ ಅಲ್ಲಿ ಪೋಷಕರ ಸಹಿ ಯಾರು ಹಾಕ್ತಾರೆ," ಎಂದು ಚಪ್ಪಲಿ ಮೆಟ್ಟಿಕೊಂಡಳು. "ನಡಿ."

ರಸ್ತೆಗೆ ಬಂದಾಗ ಬಿಸಿಲು ಏರಿತ್ತು. ಬಸ್ಸು ಕಾಯುತ್ತಾ ತಾಯಿ ಮಗಳು ಮರದ ನೆರಳಿನಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಪಂಚಾಕ್ಷರಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಅವಸರದಿಂದ ಬಂದ.

"ಅಜ್ಜಿ ಇನ್ನೂ ಕುಂತಿದಾಳೆ ಕಣಮ್ಮ. ಏನು ಬರ್ತೈತೋ ನೋಡ್ಕಂಡಾದ್ರೂ ಹೋಗು."

"ನೋಡಿದ್ರೆ ಹೋಗಕಾಗಲ್ಲ ಅಪ್ಪ."

"ಬಂದ್ರೆ?"

"ಬಂದ್ರೆ ಗಂಗಮ್ಮ ಕಳ್ಸಿದ್ಲು ಅಂತೀರ. ಬರ್ದಿದ್ರೆ ನಾನು ಹಠ ಮಾಡಿ ಹೋದೆ ಅಂತೀರ. ನಾನೇ ಹೋಗ್ತಿದೀನಿ ಅಪ್ಪ. ಚೆನ್ನಾಗಿ ಓದಿದ್ರೂ ನಾನೇ, ಕೆಟ್ರೂ ನಾನೇ."

ಪಂಚಾಕ್ಷರಪ್ಪ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಇಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಅವನು ಹಿಂದೆ ಕೇಳಿರಲಿಲ್ಲ. ಬಸ್ಸು ಬಂತು. ಅವನು ತಡೆಯಲೂ ಇಲ್ಲ, ಹತ್ತು ಎನ್ನಲೂ ಇಲ್ಲ. ಬಸ್ಸು ಹೊರಟಾಗ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯಲ್ಲೇ ನಿಂತಿದ್ದ.

ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಹೊಳಲ್ಕೆರೆ ದಾಟಿ, ದುರ್ಗ ತಲುಪುವ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ ಮೀರಿತ್ತು. ದಾರಿಯಲ್ಲಿ ಎರಡು ಸಲ ಮೊಬೈಲು ಬಡಿದುಕೊಂಡಿತು. ಗುರುರಾಜ್. ಮಂಗಳಾ ಎತ್ತಲು ಹೋದಾಗ ದಿವ್ಯಾ ಅವಳ ಕೈ ಹಿಡಿದಳು. "ಕಾಲೇಜಿನ ಕೆಲಸ ಮುಗೀಲಿ ಅಮ್ಮ. ಆಮೇಲೆ ಏನಾದ್ರೂ ಹೇಳ್ಲಿ."

"ಏನಾದ್ರೂ ಬಂದಿದ್ರೆ?"

"ಬಂದಿದ್ರೆ ಬಂದಿರ್ಲಿ."

ಕಾಲೇಜಿನಲ್ಲಿ ದಾಖಲೆ ನೋಡುತ್ತಿದ್ದವರು ಬೃಂದಾ ಮೇಡಂ, ಭೂವಿಜ್ಞಾನ ವಿಭಾಗದವರೇ. ಬಿಸಿಲಿಗೆ ಮೈ ಕಪ್ಪಿಟ್ಟ, ಕೈಗಡಿಯಾರದ ಜಾಗ ಮಾತ್ರ ಬೆಳ್ಳಗೆ ಉಳಿದ ಹೆಂಗಸು. ಟಿ.ಸಿ. ನೋಡಿದರು, ಅಂಕಪಟ್ಟಿ ನೋಡಿದರು, ಮೇಲೆ ನೋಡಿದರು.

"ಹೊಸದುರ್ಗದಿಂದ ಬಂದಿದೀಯ. ಗುಡ್ಡ ಹತ್ತಬೇಕು, ಕಲ್ಲು ಹೊರಬೇಕು, ಬಿಸಿಲಲ್ಲಿ ಅಲೀಬೇಕು. ಹೋದ ವರ್ಷ ಇಬ್ಬರು ಹುಡುಗೀರು ಸೇರಿದ್ರು. ಒಬ್ಬಳು ಮೊದಲನೇ ಸಲ ಗುಡ್ಡಕ್ಕೆ ಹೋಗಿ ಬಂದವಳೇ ಬಿ.ಎ.ಗೆ ಬದಲಾಯಿಸಿಕೊಂಡಳು. ನೀನೂ ಹಾಗೆ ಮಾಡೋದಾದ್ರೆ ಈಗಲೇ ಹೇಳು."

"ಮಾಡಲ್ಲ ಮೇಡಂ."

"ಮನೇಲಿ ಒಪ್ಪಿದಾರಾ?"

ದಿವ್ಯಾ ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದಳು.

ಮೇಡಂ ಮಂಗಳಾಳ ಕಡೆ ನೋಡಿದರು. ಮಂಗಳಾ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. "ನಾನೂ ಮನೆಯವಳೇ ಮೇಡಂ. ಎಲ್ಲಿ ಸಹಿ ಹಾಕ್ಬೇಕು ತೋರ್ಸಿ," ಎಂದಳು.

ಕೆಲಸ ಮುಗಿಯಿತು. ಆಯ್ಕೆ ಪಟ್ಟಿ ವಾರದ ಕೊನೆಗೆ ಬರುತ್ತದೆ, ನಿನ್ನ ಅಂಕಕ್ಕೆ ತೊಂದರೆಯಿಲ್ಲ, ಹಾಸ್ಟೆಲ್ಲಿಗೆ ಬೇರೆ ಅರ್ಜಿ ಹಾಕು ಎಂದು ಮೇಡಂ ಹೇಳಿ ಮುಂದಿನವರನ್ನು ಕರೆದರು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ತಾಯಿ ಮಗಳು ಕುಳಿತರು. ಮೊಬೈಲು ಮತ್ತೆ ಬಡಿದುಕೊಂಡಿತು. ಈ ಸಲ ದಿವ್ಯಾಳೇ ಎತ್ತಿದಳು. ಸಾಮಾನ್ಯವಾಗಿ ಫೋನೆಂದರೆ ಅವಳು ಅಮ್ಮನ ಕೈಗೆ ಕೊಟ್ಟು ಓಡುವವಳು.

"ಅಣ್ಣ, ಹೇಳು."

"ಎಷ್ಟು ಸಲ ಮಾಡದು ನಿನಗೆ. ಅಜ್ಜಿಗೆ ಬಂತು."

ದಿವ್ಯಾ ಕಟ್ಟೆಯಿಂದ ಎದ್ದು ನಿಂತಳು. "ಏನು ಬಂತು?"

"ದೊಡ್ಡ ಬಾಳೆಹಣ್ಣು. ಏನು ಕೇಳಿದ್ಲು ಅಂತ ಅಪ್ಪ ಕೇಳ್ದ, ನಾನೂ ಕೇಳ್ದೆ, ಆ ಹೂವಿನ ಕಾಳಕ್ಕನೂ ಕೇಳಿದ್ಲು. ಬಾಯೇ ಬಿಡ್ತಿಲ್ಲ. ತಗಾ, ಅವಳೇ ಮಾತಾಡ್ಬೇಕಂತೆ."

ಫೋನು ಕೈ ಬದಲಾಯಿತು. ಶಿವಗಂಗಮ್ಮನಿಗೆ ಫೋನಿನಲ್ಲಿ ಕೂಗಿ ಮಾತಾಡಿ ಅಭ್ಯಾಸ. "ದುರ್ಗದಲ್ಲಿದೀಯಾ?"

"ಹೂಂ ಅಜ್ಜಿ. ಎಲ್ಲ ಕೊಟ್ಟಾಯ್ತು."

"ನಾನು ಏನು ಕೇಳಿದ್ನೋ ಗೊತ್ತಾಗ್ಬೇಕಾ ನಿನಗೆ?"

ಎದುರಿನ ಬಾಗಿಲಿನಿಂದ ಹುಡುಗರ ಗುಂಪೊಂದು ತಮ್ಮ ತಮ್ಮ ಕವರು ಹಿಡಿದು ಹೊರಬರುತ್ತಿತ್ತು. ದಿವ್ಯಾ ಅವರು ದಾಟಿ ಹೋಗುವವರೆಗೂ ಕಾದಳು. ಕೇಳಿಬಿಡಬೇಕೆಂಬ ಆಸೆ ಅವಳಿಗೂ ಇತ್ತು.

"ಬ್ಯಾಡ ಅಜ್ಜಿ. ನೀವು ಏನು ಕೇಳಿದ್ರೂ ನಾನು ಸೇರದು ಸೇರದೇ."

"ನಿನ್ನ ವಿಷಯ ನಾನ್ಯಾಕೆ ಕೇಳ್ಲಿ. ನನ್ನ ಮೊಣಕಾಲು ನೋವು ಕೇಳ್ದೆ. ಅದು ವಾಸಿ ಆಗ್ತೈತಂತೆ." ನಿಜವೋ ಸುಳ್ಳೋ ಆ ಧ್ವನಿಯಲ್ಲಿ ಗೊತ್ತಾಗಲಿಲ್ಲ. "ಇನ್ನು ನಿನ್ನ ಕಥೆ ಬೇರೆ ಐತೆ. ಹತ್ತು ಜನರ ಮುಂದೆ ನನ್ನ ಮಾತು ತೆಗೆದುಹಾಕಿದೀಯ. ಮನೆಗೆ ಬಾ, ನಿನಗೈತೆ."

"ಬರ್ತೀನಿ ಅಜ್ಜಿ. ಬೆಳಗಿಂದ ಏನೂ ತಿಂದಿಲ್ಲ. ನನಗೂ ಅಮ್ಮಂಗೂ ಮುದ್ದೆ ಮಾಡ್ಸಿಟ್ಟಿರ್ರಿ."

"ಮಾಡಕೆ ಸೊಸೆನ ನೀನು ಕರ್ಕಂಡು ಹೋಗಿದೀಯ. ಇಲ್ಲಿ ಯಾರು ತಿರುವ್ತಾರೆ?"

"ನಿಮಗೆ ಮೊಣಕಾಲು ತಾನೇ ನೋವು," ಎಂದಳು ದಿವ್ಯಾ. "ಕೈ ನೆಟ್ಟಗೈತಲ್ಲ. ಇಲ್ಲಾಂದ್ರೆ ಅಣ್ಣಂಗೆ ಹೇಳ್ರಿ."